ಮಳೆಗಾಲದಲ್ಲಿ ಮುರಿಯದ ರೊಟ್ಟಿ

ಜುಲೈ ತಿಂಗಳಲ್ಲಿ ನಮ್ಮ ಚರ್ಚ್‌ನ ವೇಫರ್, ಅಂದರೆ ಕರ್ತನ ಭೋಜನದ ಆರಾಧನೆಯಲ್ಲಿ ಹಂಚುವ ತೆಳು ರೊಟ್ಟಿ, ಮುರಿಯುತ್ತಿರಲಿಲ್ಲ, ಬಾಗುತ್ತಿತ್ತು. ಕೊಡಗಿನ ಮಳೆ ಗೊತ್ತಲ್ವಾ? ಉಪ್ಪು ನೀರಾಗುತ್ತದೆ, ಬೆಂಕಿಕಡ್ಡಿ ಹತ್ತುವುದಿಲ್ಲ, ಪೆಟ್ಟಿಗೆಯೊಳಗಿನ ಬಟ್ಟೆಗೂ ಬೂಸ್ಟು ಬರುತ್ತದೆ. ವೇಫರ್ ಡಬ್ಬದೊಳಗೆ ಒಂದು ಹಿಡಿ ಅಕ್ಕಿಯನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ಇಟ್ಟೆ. ಹಿಂದಿನ ರಾತ್ರಿ ಡಬ್ಬವನ್ನು ಒಲೆಯ ಪಕ್ಕ ಇಟ್ಟು ನೋಡಿದೆ. ಏನೂ ಪ್ರಯೋಜನವಾಗಲಿಲ್ಲ. ಆರಾಧನೆಯಲ್ಲಿ ಅದನ್ನು ಎರಡು ಕೈಯಲ್ಲಿ ಎತ್ತಿ ಹಿಡಿದು ಮುರಿಯುವಾಗ 'ಟಕ್' ಎಂದು ಸಣ್ಣ ಸದ್ದು ಬರಬೇಕು. ಮಳೆಗಾಲದಲ್ಲಿ ಅದು ಒದ್ದೆ ಕಾಗದದ ಹಾಗೆ ಹರಿಯುತ್ತಿತ್ತು.

ಸದ್ದು ಬರದಿದ್ದರೆ ಏನಾಯ್ತು ಎಂದು ಕೇಳಬಹುದು. ನನಗೆ ಅದು ದೊಡ್ಡ ವಿಷಯ. ಯೇಸು ಶಿಲುಬೆಗೇರುವ ಮುಂಚಿನ ಆ ಕೊನೆಯ ರಾತ್ರಿ ರೊಟ್ಟಿಯನ್ನು ತೆಗೆದುಕೊಂಡ, ದೇವರಿಗೆ ಸ್ತೋತ್ರ ಮಾಡಿದ, ಮುರಿದ, ಕೊಟ್ಟ. ಇದರ ಬಗ್ಗೆ ನಮಗೆ ಸಿಕ್ಕಿರುವ ಅತಿ ಹಳೆಯ ಬರಹ ಅಪೊಸ್ತಲ ಪೌಲ ಗ್ರೀಸಿನ ಕೊರಿಂಥ ಊರಿನ ಸಭೆಯವರಿಗೆ ಬರೆದ ಮೊದಲ ಪತ್ರ, ಸುಮಾರು ಕ್ರಿ.ಶ. 55ರದ್ದು. ಅಲ್ಲೂ ಮುರಿದ ಮಾತು ಇದೆ. ಲೂಕನ ಸುವಾರ್ತೆಯಲ್ಲಿ ಎಮ್ಮಾಹುವಿನ ದಾರಿಯಲ್ಲಿ ಜೊತೆಗೆ ನಡೆದ ಇಬ್ಬರು ಶಿಷ್ಯರಿಗೆ ಯೇಸುವಿನ ಗುರುತು ಸಿಕ್ಕಿದ್ದೇ ಅವನು ರೊಟ್ಟಿ ಮುರಿದಾಗ. ಇಡೀ ರೊಟ್ಟಿ ಇಟ್ಟು ಪೂಜಿಸಿ ಎಂದು ಅವನು ಹೇಳಲಿಲ್ಲ. ಮುರಿದರೆ ತಾನೇ ಇನ್ನೊಬ್ಬರಿಗೆ ಕೊಡಲು ಆಗುವುದು.

ಹಾಗಾಗಿ ಕೆಲವು ವರ್ಷದಿಂದ ನಮ್ಮ ಸಭೆಯಲ್ಲಿ ಕಾವಲಿಯ ಮೇಲೆ ಸುಟ್ಟ ರೊಟ್ಟಿ ಬಳಸುತ್ತೇವೆ. ಗೋಧಿ ಹಿಟ್ಟು, ನೀರು, ಚೂರು ಎಣ್ಣೆ. ಹುಳಿ, ಅಂದರೆ ಹಿಟ್ಟು ಉಬ್ಬಿಸುವ ಹುದುಗು, ಹಾಕುವುದಿಲ್ಲ. ಸ್ವಲ್ಪ ದಪ್ಪ ತಟ್ಟಿ ಸಣ್ಣ ಉರಿಯಲ್ಲಿ ಗಟ್ಟಿಯಾಗುವ ತನಕ ಬಿಡಬೇಕು. ಮಳೆಯಲ್ಲೂ ಮುರಿಯುತ್ತದೆ.

ಆಗ ಯೂತ್ ಮೀಟಿಂಗ್‌ನಲ್ಲಿ ಒಬ್ಬಳು ಹುಡುಗಿ ಕೇಳಿದಳು: "ಅಯ್ಯನವರೇ, ನಮ್ಮೂರಲ್ಲಿ ಗೋಧಿನೇ ಬೆಳೆಯಲ್ಲ. ಅಕ್ಕಿ ರೊಟ್ಟಿ ಇಟ್ಟರೆ ಆಗಲ್ವಾ?"

ಒಳ್ಳೆ ಪ್ರಶ್ನೆ. ಕ್ಯಾಥೊಲಿಕರಲ್ಲಿ ಇದಕ್ಕೆ ಖಡಾಖಂಡಿತ ನಿಯಮ ಇದೆ. ರೊಟ್ಟಿ ಗೋಧಿಯದ್ದೇ ಆಗಬೇಕು, ದ್ರಾಕ್ಷಾರಸ ದ್ರಾಕ್ಷಿಯದ್ದೇ ಆಗಬೇಕು. ನಾವೂ ಗೋಧಿಯನ್ನೇ ಇಟ್ಟುಕೊಂಡಿದ್ದೇವೆ, ಆ ರಾತ್ರಿಯ ಜೊತೆ ನೆಂಟು ಕಡಿಯಬಾರದು ಎಂದು. ಅದು ಯೆಹೂದ್ಯರ ಪಸ್ಕ ಹಬ್ಬದ ಸಮಯ. ಈಜಿಪ್ಟಿನ ಗುಲಾಮಗಿರಿಯಿಂದ ಹೊರಟ ರಾತ್ರಿ ಹಿಟ್ಟು ಹುಳಿ ಬರುವಷ್ಟು ಹೊತ್ತೂ ಇರಲಿಲ್ಲ. ಹುಳಿಯಿಲ್ಲದ ರೊಟ್ಟಿಯಲ್ಲಿ ಆ ಅವಸರ, ಆ ಬಿಡುಗಡೆ ಇದೆ. ಕೇರಳದಿಂದ ಬಂದು ಇಲ್ಲಿ ನೆಲೆಸಿರುವ ಆರ್ಥೊಡಾಕ್ಸ್ ಸಭೆಯವರು ಕುರ್ಬಾನಕ್ಕೆ, ಅಂದರೆ ಅವರ ಕರ್ತನ ಭೋಜನದ ಆರಾಧನೆಗೆ, ಹುಳಿ ಬಂದ ರೊಟ್ಟಿಯನ್ನೇ ಬಳಸುತ್ತಾರೆ. ಅವರಿಗೆ ಉಬ್ಬಿದ ಹಿಟ್ಟು ಎಂದರೆ ಜೀವ ಬಂದದ್ದು, ಕ್ರಿಸ್ತ ಎದ್ದುಬಂದದ್ದು.

ಆದರೆ ಆ ಹುಡುಗಿಯ ಮನಸ್ಸು ಸರಿಯಾದ ಕಡೆಗೇ ಹೋಗಿತ್ತು. ಯೇಸು ಕಲಿಸಿದ ಕರ್ತನ ಪ್ರಾರ್ಥನೆಯನ್ನು ನಾವು ಕನ್ನಡದಲ್ಲಿ ಹೇಗೆ ಹೇಳುತ್ತೇವೆ? 'ನಮ್ಮ ಅನುದಿನದ ಆಹಾರವನ್ನು' ಎನ್ನುತ್ತೇವೆ. ಕೊನೆಯ ಊಟದ ಕಥೆಯಲ್ಲಿ 'ರೊಟ್ಟಿ' ಎನ್ನುತ್ತೇವೆ. ಗ್ರೀಕ್ ಮೂಲದಲ್ಲಿ ಎರಡೂ ಕಡೆ ಒಂದೇ ಪದ, ಆರ್ಟೋಸ್. ಅಂದರೆ ಮೇಜಿನ ಮೇಲಿರುವುದು ಯಾವುದೋ ವಿಶೇಷ ತಿಂಡಿ ಅಲ್ಲ, ದಿನದ ಅನ್ನ. ಹುತ್ತರಿ ಎಂಬ ಸುಗ್ಗಿ ಹಬ್ಬದ ರಾತ್ರಿ ಕದಿರು ಕೊಯ್ದು 'ಪೊಲಿ ಪೊಲಿ ದೇವಾ' ಎಂದು ಕೂಗುತ್ತಾ ಮನೆಗೆ ತರುವ ನಾಡು ಇದು. ಅನ್ನದಲ್ಲಿ ಹೊಟ್ಟೆ ತುಂಬುವುದಕ್ಕಿಂತ ಜಾಸ್ತಿ ಏನೋ ಇದೆ ಎಂದು ಇಲ್ಲಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ವೈನ್. ಪಕ್ಕದ ಮನೆಯವರು ನನ್ನನ್ನು 'ಫಾದರ್' ಎಂದೇ ಕರೆಯುತ್ತಾರೆ. "ಫಾದರ್, ನಿಮ್ಮಲ್ಲಿ ಚಿಕ್ಕ ಮಕ್ಕಳಿಗೂ ವೈನ್ ಕೊಡ್ತಾರಂತೆ, ಹೌದಾ?" ಎಂದು ಒಮ್ಮೆ ಕೇಳಿದರು. ಇಲ್ಲ, ದೃಢೀಕರಣ, ಅಂದರೆ ದೊಡ್ಡವರಾಗಿ ತಮ್ಮ ನಂಬಿಕೆಯನ್ನು ಸಭೆಯ ಮುಂದೆ ಒಪ್ಪಿಕೊಳ್ಳುವ ವಿಧಿ, ಆದವರಿಗೆ ಮಾತ್ರ, ಅದೂ ಒಂದು ಗುಟುಕಿಗಿಂತ ಕಮ್ಮಿ ಎಂದೆ. ಮಡಿಕೇರಿ, ಕುಶಾಲನಗರದ ಅಂಗಡಿಗಳಲ್ಲಿ ಹೋಂಮೇಡ್ ವೈನ್ ಬಾಟಲಿಗಳು ಸಾಲಾಗಿ ನಿಂತಿರುವುದನ್ನು ನೋಡಿದವರಿಗೆ ಈ ಸಂಶಯ ಸಹಜ. ನಮ್ಮ ಸಭೆಯ ಒಬ್ಬ ಅಮ್ಮ ಪ್ರೀತಿಯಿಂದ ನೆಲ್ಲಿಕಾಯಿ ವೈನ್ ತಂದುಕೊಟ್ಟಿದ್ದರು, ಈಸ್ಟರ್‌ಗೆ ಆಗಲಿ ಎಂದು. ಮೇಜಿಗೆ ಇಡಲಿಲ್ಲ, ಅವರಿಗೆ ಬೇಜಾರಾಯಿತು.

ನಾವು ಬಳಸುವುದು ಒಣದ್ರಾಕ್ಷಿ ನೆನೆಸಿ, ಕುದಿಸಿ, ಹಿಂಡಿ ಸೋಸಿದ ರಸ. ಇದಕ್ಕೆ ಕಾರಣ ಇದೆ. ಸಭೆಯಲ್ಲಿ ಕುಡಿತ ಬಿಟ್ಟು ವರ್ಷಗಟ್ಟಲೆ ಕಷ್ಟಪಟ್ಟು ನಿಂತವರು ಇದ್ದಾರೆ. ಅವರು ಪಾತ್ರೆಯ ಮುಂದೆ ಹೆದರಿ ನಿಲ್ಲಬಾರದು. ಅಮೆರಿಕದಲ್ಲಿ ಥಾಮಸ್ ವೆಲ್ಚ್ ಎಂಬ ಮೆಥಡಿಸ್ಟ್ ದಂತವೈದ್ಯ 1869ರಲ್ಲಿ ದ್ರಾಕ್ಷಿ ರಸವನ್ನು ಹುಳಿಯದಂತೆ ಕಾಯಿಸಿ ಇಡುವ ದಾರಿ ಕಂಡುಕೊಂಡದ್ದೂ ಕರ್ತನ ಭೋಜನಕ್ಕಾಗಿಯೇ. ಹುಳಿ ಬಂದ ದ್ರಾಕ್ಷಾರಸವೇ ಬೇಕು ಎನ್ನುವವರ ಮಾತನ್ನೂ ನಾನು ಗೌರವಿಸುತ್ತೇನೆ. ಯೇಸುವಿನ ಕೈಯಲ್ಲಿದ್ದದ್ದು ಅದೇ.

ಕಷ್ಟದ ಮಾತು 'ರಕ್ತ'. ಆ ರಾತ್ರಿ ಯೇಸು ರೊಟ್ಟಿಯನ್ನು ನನ್ನ ದೇಹ ಎಂದ, ದ್ರಾಕ್ಷಾರಸವನ್ನು ನನ್ನ ರಕ್ತ ಎಂದ. ರಕ್ತ ಸೇವಿಸುವುದು ಯೆಹೂದ್ಯರಿಗೆ ಪೂರಾ ನಿಷಿದ್ಧ. ಹಾಗಾಗಿ ಯೋಹಾನನ ಸುವಾರ್ತೆಯ 6ನೇ ಅಧ್ಯಾಯದಲ್ಲಿ ನನ್ನ ರಕ್ತ ಕುಡಿಯಬೇಕು ಎಂಬ ಮಾತು ಕೇಳಿ ತುಂಬಾ ಶಿಷ್ಯರು ಬಿಟ್ಟುಹೋದರು. ಆದರೆ ಸೀನಾಯಿ ಬೆಟ್ಟದ ಬುಡದಲ್ಲಿ ದೇವರ ಜೊತೆ ಒಡಂಬಡಿಕೆ ಆದಾಗ ಯೆಹೂದ್ಯರ ನಾಯಕ ಮೋಶೆ ಜನರ ಮೇಲೆ ರಕ್ತ ಚಿಮುಕಿಸಿದ್ದ. 'ಈ ಪಾತ್ರೆ ನನ್ನ ರಕ್ತದಲ್ಲಿ ಆಗುವ ಹೊಸ ಒಡಂಬಡಿಕೆ' ಎಂದು ಯೇಸು ಹೇಳಿದಾಗ ಶಿಷ್ಯರಿಗೆ ಅದು ನೆನಪಾಗಿರಲೇಬೇಕು. ಕೊಟ್ಟ ಮಾತಿಗೆ ಜೀವವನ್ನೇ ಇಟ್ಟೆ ಎಂದು ಅರ್ಥ.

ರೊಟ್ಟಿ ನಿಜವಾಗಿ ದೇಹ ಆಗುತ್ತದಾ? ಇದರ ಮೇಲೆ ಚರ್ಚ್‌ಗಳೇ ಒಡೆದಿವೆ. ಕ್ಯಾಥೊಲಿಕರು ರೂಪ, ರುಚಿ ಹಾಗೇ ಉಳಿದು ಒಳಗಿನ ತಿರುಳು ಬದಲಾಗುತ್ತದೆ ಎನ್ನುತ್ತಾರೆ. 1792ರಷ್ಟು ಹಳೆಯದಾದ ವಿರಾಜಪೇಟೆಯ ಸಂತ ಅನ್ನಮ್ಮನವರ ಚರ್ಚ್‌ಗೆ ಹೋದರೆ ಪರಮಪ್ರಸಾದದ, ಅಂದರೆ ಆ ರೊಟ್ಟಿಯ, ಮುಂದೆ ಜನ ಮೊಣಕಾಲೂರುವುದು ಅದಕ್ಕೇ. 1529ರಲ್ಲಿ ಜರ್ಮನಿಯ ಮಾರ್ಬರ್ಗ್‌ನಲ್ಲಿ ಪ್ರೊಟೆಸ್ಟೆಂಟ್ ಸುಧಾರಕ ಲೂಥರ್ ಮೇಜಿನ ಮೇಲೆ ಸೀಮೆಸುಣ್ಣದಲ್ಲಿ 'ಇದು ನನ್ನ ದೇಹ' ಎಂದು ಬರೆದು ಪಟ್ಟು ಹಿಡಿದರು. ಸ್ವಿಟ್ಜರ್ಲೆಂಡಿನ ಸುಧಾರಕ ಜ್ವಿಂಗ್ಲಿ ಇದು ನೆನಪಿನ ಗುರುತು ಎಂದರು. ಇಬ್ಬರೂ ರಾಜಿಯಾಗಲಿಲ್ಲ. ಕ್ರಿಸ್ತ ಅಲ್ಲಿ ನಿಜವಾಗಿ ಇದ್ದಾನೆ ಎಂದು ನಾನು ನಂಬುತ್ತೇನೆ. ಹೇಗೆ ಎಂದು ಅಳೆಯಲು ಹೋಗುವುದಿಲ್ಲ.

ನನ್ನನ್ನು ಜಾಸ್ತಿ ಕಾಡುವುದು ಇನ್ನೊಂದು ವಿಷಯ. ಪೌಲ ಆ ಪತ್ರ ಬರೆದದ್ದು ಸಿದ್ಧಾಂತ ಕಲಿಸಲಿಕ್ಕಲ್ಲ, ಬೈಯಲಿಕ್ಕೆ. ಕೊರಿಂಥದಲ್ಲಿ ಉಳ್ಳವರು ಮೊದಲೇ ಕೂತು ಉಂಡು ಕುಡಿಯುತ್ತಿದ್ದರು, ಇಲ್ಲದವರು ಹಸಿದು ಕೂರುತ್ತಿದ್ದರು. ನೀವು ಮಾಡುತ್ತಿರುವುದು ಕರ್ತನ ಭೋಜನವೇ ಅಲ್ಲ ಎಂದ. ಅದೇ ಪತ್ರದಲ್ಲಿ ಅದಕ್ಕೂ ಮೊದಲು, ಒಂದೇ ರೊಟ್ಟಿಯಲ್ಲಿ ಪಾಲು ತಗೊಳ್ಳುವ ನಾವೆಲ್ಲ ಒಂದೇ ದೇಹ ಎಂದೂ ಬರೆದಿದ್ದ.

1850ರ ದಶಕದಲ್ಲಿ ಬಾಸೆಲ್ ಮಿಷನ್ ಎಂಬ ಪ್ರೊಟೆಸ್ಟೆಂಟ್ ಮಿಷನರಿ ಸಂಸ್ಥೆಯ ಹರ್ಮನ್ ಮೋಗ್ಲಿಂಗ್ ಕೊಡಗಿಗೆ ಬಂದು ಸಿದ್ದಾಪುರದ ಹತ್ತಿರ ಆನಂದಪುರ ಎಂಬ ಊರು ಕಟ್ಟಿದರು. ಅಲ್ಲಿ ಕ್ರೈಸ್ತರಾದ ಹೊಲೆಯ ಸಮುದಾಯದವರು ತಲೆಮಾರುಗಳಿಂದ ಇನ್ನೊಬ್ಬರ ಗದ್ದೆಯಲ್ಲಿ ಜೀತ ಮಾಡಿದವರು. ನೀರು ಕುಡಿಯುವ ಪಾತ್ರೆಯೂ ಬೇರೆ ಇದ್ದ ಕಾಲದಲ್ಲಿ ಒಂದೇ ಪಾತ್ರೆಗೆ ಬಾಯಿಡುವುದು ಎಂದರೆ ಏನು ಎಂದು ಯೋಚಿಸಿ.

ಈಗಲೂ ಅದು ಸುಲಭ ಇಲ್ಲ. ನಾನು ಮೊದಲು ಕೆಲಸ ಮಾಡಿದ ಒಂದು ಸಭೆಯಲ್ಲಿ ತೋಟದ ಮಾಲೀಕರ ಕುಟುಂಬಗಳು ಮೊದಲು ಮುಂದೆ ಬರುತ್ತಿದ್ದವು. ಲೈನ್‌ಮನೆಯವರು, ಅಂದರೆ ಸಾಲುಮನೆಗಳಲ್ಲಿರುವ ತೋಟದ ಕೂಲಿ ಕುಟುಂಬಗಳು, ಹಿಂದಿನ ಬೆಂಚಿನಿಂದ ಕೊನೆಗೆ ಬರುತ್ತಿದ್ದರು. ಯಾರೂ ಹೇಳಿ ಮಾಡಿದ್ದಲ್ಲ, ಹಾಗೇ ನಡೆದುಬಂದದ್ದು. ಎರಡು ವರ್ಷ ನಾನೂ ಗಮನಿಸಲಿಲ್ಲ. ಅದು ನೆನಪಾದರೆ ಇವತ್ತಿಗೂ ನನಗೆ ನೋವು.

ಇಲ್ಲಿಗೆ ಬಂದ ಮೇಲೂ ರೊಟ್ಟಿ ಸುಡುವ ಸರದಿ ನೋಡಿದರೆ ಪೇಟೆಯ ಆರೇಳು ಮನೆಗಳ ಹೆಸರೇ ಇತ್ತು. ಹೋದ ತಿಂಗಳು ಲೈನ್‌ಮನೆಯ ಒಬ್ಬ ಅಜ್ಜಿಗೆ ಮನೆಯಲ್ಲೇ ಕರ್ತನ ಭೋಜನ ಕೊಡಲು ಹೋಗಿದ್ದೆ. ಅವರಿಗೆ ನುಂಗಲು ಕಷ್ಟ. ರೊಟ್ಟಿಯ ಚೂರನ್ನು ರಸದಲ್ಲಿ ಅದ್ದಿ ನಾಲಿಗೆಯ ಮೇಲೆ ಇಟ್ಟೆ. ನಿಧಾನ ಚಪ್ಪರಿಸಿ, "ಯಾರು ಸುಟ್ಟದ್ದು ಅಯ್ಯನವರೇ? ಉರಿ ಜಾಸ್ತಿ ಆಗಿದೆ" ಎಂದರು. ಸೊಸೆ ಬಾಗಿಲಲ್ಲಿ ನಿಂತು ನಕ್ಕಳು. ನೀವು ಸುಡ್ತೀರಾ ಎಂದು ಅವಳನ್ನು ಕೇಳಿದೆ. ಅವಳು ಅತ್ತೆಯ ಮುಖ ನೋಡಿದಳು.

ಮುಂದಿನ ತಿಂಗಳ ಮೊದಲ ಭಾನುವಾರ ಅವರ ಸರದಿ. ಒಂದು ಕಿಲೋ ಗೋಧಿ ಹಿಟ್ಟು ಕೊಟ್ಟುಬಂದಿದ್ದೇನೆ.