ಕಂಪನಿ ಮಾರಾಟ ಆಯ್ತು, ನನ್ನ ಕಮಿಷನ್ ಯಾರು ಕೊಡ್ತಾರೆ?

ಓದುಗರ ಪ್ರಶ್ನೆ: "ಸರ್, ನಾನು ದಾವಣಗೆರೆಯವನು. ಎರಡು ವರ್ಷದಿಂದ ನನ್ನ ಯೂಟ್ಯೂಬ್ ಚಾನೆಲ್‌ನಲ್ಲಿ ಒಂದು ಆನ್‌ಲೈನ್ ಕೋರ್ಸ್ ಕಂಪನಿಯ ಅಫಿಲಿಯೇಟ್ ಲಿಂಕ್ ಹಾಕುತ್ತಿದ್ದೆ. ನನ್ನ ಲಿಂಕ್‌ನಿಂದ ಸೇರಿದವರು ಫೀ ಕಟ್ಟುವವರೆಗೂ ತಿಂಗಳು ತಿಂಗಳು ಕಮಿಷನ್ ಅಂದಿದ್ದರು. ಡ್ಯಾಶ್‌ಬೋರ್ಡ್‌ನಲ್ಲಿ 38,400 ರೂಪಾಯಿ 'ಅಪ್ರೂವ್ಡ್' ಅಂತ ತೋರಿಸುತ್ತಿದೆ. ಈಗ ಕಂಪನಿಯನ್ನು ಬೇರೆಯವರು ಕೊಂಡಿದ್ದಾರೆ. ಹಳೆ ಪ್ರೋಗ್ರಾಂ ನಿಲ್ಲಿಸಿದ್ದೇವೆ ಅಂತ ಒಂದು ಸಾಲಿನ ಮೇಲ್ ಬಂತು, ಅಷ್ಟೇ. ದುಡ್ಡು ಬರುತ್ತಾ, ಬಿಟ್ಟುಬಿಡಲಾ?"

ಬಿಡಬೇಡಿ. ಹಾಗಂತ ಪೂರ್ತಿ ಬರುತ್ತದೆ ಅಂತ ಕಾದು ಕೂರಲೂ ಬೇಡಿ.

ನಿಮ್ಮ ಪ್ರಶ್ನೆಯಲ್ಲಿ ಎರಡು ದುಡ್ಡು ಇದೆ, ಎರಡನ್ನೂ ಒಂದೇ ಗಂಟು ಕಟ್ಟಿದ್ದೀರಿ. ಈಗಾಗಲೇ ದುಡಿದ 38,400 ಒಂದು. ಮುಂದೆ ತಿಂಗಳು ತಿಂಗಳು ಬರಬೇಕಿದ್ದ ಕಮಿಷನ್ ಇನ್ನೊಂದು. ನಮ್ಮ ಎಪಿಎಂಸಿ ಯಾರ್ಡ್‌ನಲ್ಲಿ ಮೆಕ್ಕೆಜೋಳ ಹಾಕಿ ಚೀಟಿ ತಗೊಂಡು ಹೋದ ರೈತ, ವಾರ ಬಿಟ್ಟು ಬಂದಾಗ ಅಂಗಡಿ ಬೋರ್ಡ್ ಬದಲಾಗಿದ್ದರೆ ಸುಮ್ನೆ ವಾಪಸ್ ಹೋಗುತ್ತಾನಾ? ಚೀಟಿ ತೆಗೆದು ಗಲ್ಲಾಪೆಟ್ಟಿಗೆ ಮೇಲೆ ಇಡುತ್ತಾನೆ. ಆದರೆ ಮುಂದಿನ ವರ್ಷದ ಜೋಳಕ್ಕೂ ಇದೇ ರೇಟ್ ಕೊಡಬೇಕು ಅಂತ ಹೊಸ ಯಜಮಾನರನ್ನು ಹಿಡಿದು ಕೂರೋಕೆ ಆಗಲ್ಲ ಅಲ್ವಾ? ನಿಮ್ಮದೂ ಹೆಚ್ಚುಕಡಿಮೆ ಅದೇ.

ಈ "ಜೀವನಪೂರ್ತಿ ಕಮಿಷನ್" ಅನ್ನುವ ಮಾತನ್ನು ನಾನಂತೂ ನಂಬುವುದು ಬಿಟ್ಟು ಬಹಳ ದಿನ ಆಯಿತು. ಬ್ಯಾನರ್ ಮೇಲೆ ದಪ್ಪ ಅಕ್ಷರದಲ್ಲಿ ಅದು ಇರುತ್ತದೆ, ನಾವು ಓದದೆ ಟಿಕ್ ಹಾಕಿದ ಷರತ್ತಿನಲ್ಲಿ "ಪ್ರೋಗ್ರಾಂ ಯಾವಾಗ ಬೇಕಾದರೂ ಬದಲಿಸಬಹುದು, ನಿಲ್ಲಿಸಬಹುದು" ಅಂತಲೂ ಇರುತ್ತದೆ. ಹಾಗಿದ್ದರೆ ಮುಂದಿನ ದುಡ್ಡು ಹೋಯಿತು ಅಂತಲೇ ಇಟ್ಟುಕೊಳ್ಳಿ. ಅದೇ ಷರತ್ತಿನಲ್ಲಿ ಇನ್ನೊಂದು ಸಾಲು ಹುಡುಕಿ: ಪ್ರೋಗ್ರಾಂ ನಿಂತಾಗ ಅಲ್ಲಿಯವರೆಗಿನ ಬಾಕಿ ಏನಾಗುತ್ತದೆ? ಕೆಲವರು ಕೊಡುತ್ತೇವೆ ಅಂತ ಬರೆದಿರುತ್ತಾರೆ. ಕೆಲವರು ಕನಿಷ್ಠ ಮೊತ್ತ ಮುಟ್ಟದಿದ್ದರೆ ಇಲ್ಲ ಅಂತ ಬರೆದಿರುತ್ತಾರೆ. ಪುಟವನ್ನೇ ತೆಗೆದುಹಾಕಿದ್ದರೆ, ಹಳೆ ವೆಬ್ ಪುಟಗಳನ್ನು ಉಳಿಸಿಡುವ ವೇಬ್ಯಾಕ್ ಮಷಿನ್ ಅನ್ನುವ ಸೈಟ್‌ನಲ್ಲಿ ಹಳೆ ಪ್ರತಿ ಸಿಗುವ ಸಾಧ್ಯತೆ ಇದೆ.

ಇನ್ನು 38,400. ಇದನ್ನು ಯಾರ ಹತ್ತಿರ ಕೇಳಬೇಕು ಅನ್ನುವುದು ಕೊಂಡವರು ಏನನ್ನು ಕೊಂಡರು ಅನ್ನುವುದರ ಮೇಲೆ ನಿಂತಿದೆ. ನ್ಯೂಸ್‌ನಲ್ಲಿ ಎಲ್ಲದಕ್ಕೂ "ಸ್ವಾಧೀನ" ಅಂತಲೇ ಬರೆಯುತ್ತಾರೆ, ಒಳಗೆ ವ್ಯವಹಾರ ಬೇರೆಬೇರೆ.

2018ರಲ್ಲಿ ವಾಲ್‌ಮಾರ್ಟ್ ಫ್ಲಿಪ್‌ಕಾರ್ಟ್‌ನ ಸುಮಾರು ಶೇ. 77 ಪಾಲನ್ನು 1,600 ಕೋಟಿ ಡಾಲರ್‌ಗೆ ಕೊಂಡಿತು. ಅಲ್ಲಿ ಕೈ ಬದಲಾಗಿದ್ದು ಷೇರು. ಇಂಥ ವ್ಯವಹಾರದಲ್ಲಿ ಕಂಪನಿ ಅದೇ ಇರುತ್ತದೆ, ಅದರ ಸಾಲವೂ ಅದರ ತಲೆ ಮೇಲೇ ಇರುತ್ತದೆ. ನಿಮ್ಮ ಕಂಪನಿ ಹೀಗೆ ಮಾರಾಟ ಆಗಿದ್ದರೆ "ಅದು ಹಳೆಯವರ ಬಾಕಿ" ಅನ್ನುವ ಮಾತಿಗೆ ಬೆಲೆಯೇ ಇಲ್ಲ. ಎರಡು ಕಂಪನಿ ವಿಲೀನ ಆಗಿದ್ದರೂ ಅಷ್ಟೇ. ಎನ್‌ಸಿಎಲ್‌ಟಿ (ಕಂಪನಿಗಳ ವ್ಯಾಜ್ಯ ನೋಡುವ ನ್ಯಾಯಮಂಡಳಿ) ಒಪ್ಪಿದ ವಿಲೀನದಲ್ಲಿ ಸಾಲಗಳೂ ಹೊಸ ಕಂಪನಿಗೆ ಬರುತ್ತವೆ.

2020ರ ಜನವರಿಯಲ್ಲಿ ಆಗಿದ್ದು ಬೇರೆ. ಜೊಮ್ಯಾಟೊ ಕೊಂಡಿದ್ದು ಊಬರ್ ಈಟ್ಸ್‌ನ ಭಾರತದ ವ್ಯಾಪಾರವನ್ನು ಮಾತ್ರ, ಊಬರ್ ಕಂಪನಿಯನ್ನಲ್ಲ. ಹೀಗೆ ವ್ಯಾಪಾರ, ಬ್ರ್ಯಾಂಡ್, ಗ್ರಾಹಕರ ಪಟ್ಟಿ ಅಷ್ಟನ್ನೇ ಕೊಂಡಾಗ ಯಾವ ಬಾಕಿ ಯಾರದ್ದು ಅಂತ ಅವರಿಬ್ಬರ ಒಪ್ಪಂದದಲ್ಲಿ ಬರೆದಿರುತ್ತಾರೆ. ಅದು ನಮ್ಮ ಕಣ್ಣಿಗೆ ಬೀಳಲ್ಲ. ಆದರೆ ನಿಮಗೆ ಮಾತು ಕೊಟ್ಟ ಹಳೆ ಕಂಪನಿ ಅವರಿಬ್ಬರೇ ಕೂತು ಬರೆದುಕೊಂಡ ಕಾಗದ ತೋರಿಸಿ ನಿಮಗೆ ಕೊಡಬೇಕಾದ ಬಾಕಿಯಿಂದ ಪಾರಾಗಲ್ಲ. ಮಾರಿದ ದುಡ್ಡು ಅವರ ಹತ್ತಿರವೇ ಇರುತ್ತದೆ, ಹೆಸರು ಬದಲಿಸಿಕೊಂಡು ಎಲ್ಲೋ ಇರುತ್ತಾರೆ. ಎಂಸಿಎ (ಕೇಂದ್ರದ ಕಂಪನಿ ವ್ಯವಹಾರಗಳ ಸಚಿವಾಲಯ) ವೆಬ್‌ಸೈಟ್‌ನಲ್ಲಿ ಕಂಪನಿ ಹೆಸರು ಹಾಕಿದರೆ ಅದು ಇನ್ನೂ ಇದೆಯಾ, ವಿಳಾಸ ಯಾವುದು ಅಂತ ಸಿಗುತ್ತದೆ.

ನಿಜಕ್ಕೂ ಹೆದರಬೇಕಾದ್ದು ಕಂಪನಿ ದಿವಾಳಿಯಾಗಿ ಮಾರಾಟ ಆಗಿದ್ದರೆ. ಅಲ್ಲಿ ಬಾಕಿ ಇದ್ದವರು ಕ್ಲೇಮ್ ಹಾಕಬೇಕು ಅಂತ ಪೇಪರ್‌ನಲ್ಲಿ ಪ್ರಕಟಣೆ ಬರುತ್ತದೆ. ಕೊಳ್ಳುವವರ ಯೋಜನೆಗೆ ಎನ್‌ಸಿಎಲ್‌ಟಿ ಒಪ್ಪಿಗೆ ಸಿಕ್ಕ ಮೇಲೆ ಅದರಲ್ಲಿ ಇಲ್ಲದ ಹಳೆ ಬಾಕಿ ಮುಗಿದುಹೋದಂತೆ, ಸುಪ್ರೀಂ ಕೋರ್ಟ್ 2021ರಲ್ಲೇ ಇದನ್ನು ಸ್ಪಷ್ಟವಾಗಿ ಹೇಳಿದೆ. ಆ ಪ್ರಕಟಣೆಯನ್ನು ನಮ್ಮಂಥವರು ಯಾರು ಓದುತ್ತಾರೆ ಹೇಳಿ.

ಈಗ ನಿಮ್ಮ ಚೀಟಿಯ ವಿಷಯ. ನನಗೂ ಹೀಗೇ ಆಗಿತ್ತು. ಒಂದು ಹೋಸ್ಟಿಂಗ್ ಕಂಪನಿಯಿಂದ 112 ಡಾಲರ್ ಬರಬೇಕಿತ್ತು. ಪಿ.ಜೆ. ಬಡಾವಣೆಯ ಹೋಟೆಲ್‌ನಲ್ಲಿ ಬೆಣ್ಣೆದೋಸೆಗೆ ಕಾಯುತ್ತಾ ಸುಮ್ನೆ ಮೊಬೈಲ್‌ನಲ್ಲಿ ಲಾಗಿನ್ ಒತ್ತಿದೆ, ಹೊಸ ಕಂಪನಿಯ ಮುಖಪುಟ ಬಂತು. ಮತ್ತೆ ಒತ್ತಿದೆ, ಅದೇ ಪುಟ. ಹಿಂದಿನ ವಾರ ನೋಡಿದ್ದ ಡ್ಯಾಶ್‌ಬೋರ್ಡ್ ಇಲ್ಲವೇ ಇಲ್ಲ, ನನ್ನ ಹತ್ತಿರ ಒಂದು ಸ್ಕ್ರೀನ್‌ಶಾಟ್ ಕೂಡ ಇರಲಿಲ್ಲ. ಆ ದುಡ್ಡು ಬರಲೇ ಇಲ್ಲ. ಹಾಗಾಗಿ ಇದನ್ನು ಓದಿ ಮುಗಿಸುವ ಮೊದಲೇ ಲಾಗಿನ್ ಆಗಿ. ತಿಂಗಳುವಾರು ರಿಪೋರ್ಟ್ ಇಳಿಸಿಕೊಳ್ಳಿ, "ಅಪ್ರೂವ್ಡ್" ಅನ್ನುವ ಪದ ಮತ್ತು ದಿನಾಂಕ ಕಾಣುವ ಹಾಗೆ ಸ್ಕ್ರೀನ್‌ಶಾಟ್ ತೆಗೆಯಿರಿ. "ಪೆಂಡಿಂಗ್" ಅಂತ ಇರುವುದಕ್ಕೆ ಅಷ್ಟು ಬಲ ಇಲ್ಲ, ರಿಟರ್ನ್, ರೀಫಂಡ್ ಆಯಿತು ಅಂತ ತೆಗೆದುಬಿಡುತ್ತಾರೆ.

ಇನ್ನೊಂದು ಸಾಕ್ಷಿ ಜಾಸ್ತಿ ಜನರಿಗೆ ಹೊಳೆಯಲ್ಲ. ನಿಮ್ಮ ಇನ್‌ಕಮ್ ಟ್ಯಾಕ್ಸ್ ಖಾತೆಯಲ್ಲಿ 26ಎಎಸ್ ತೆಗೆದು ನೋಡಿ, ನಿಮ್ಮ ಹೆಸರಲ್ಲಿ ಯಾರು ಎಷ್ಟು ತೆರಿಗೆ ಹಿಡಿದು ಕಟ್ಟಿದ್ದಾರೆ ಅನ್ನುವ ಪಟ್ಟಿ ಅದು. ಕಮಿಷನ್ ಮೇಲಿನ ಟಿಡಿಎಸ್ (ಕೊಡುವವರೇ ಮೊದಲು ಹಿಡಿದುಕೊಳ್ಳುವ ತೆರಿಗೆ) ಅನ್ನು ಹಣ ಕೊಟ್ಟಾಗ ಇಲ್ಲವೇ ಲೆಕ್ಕದಲ್ಲಿ ಜಮಾ ಮಾಡಿದಾಗ, ಯಾವುದು ಮೊದಲೋ ಆಗಲೇ ಹಿಡಿಯಬೇಕು. ವರ್ಷಕ್ಕೆ 20,000 ದಾಟಿದರೆ ಶೇ. 2. ಹಾಗಾಗಿ ನಿಮ್ಮ ಬ್ಯಾಂಕ್‌ಗೆ ಬರದ ದುಡ್ಡಿಗೂ ಟಿಡಿಎಸ್ ಕಟ್ಟಿದ್ದರೆ, ಈ ಮೊತ್ತ ನಿಮಗೆ ಸೇರಬೇಕು ಅಂತ ಅವರೇ ಸರ್ಕಾರಕ್ಕೆ ಬರೆದುಕೊಟ್ಟ ಹಾಗಾಯಿತು.

ಆಮೇಲೆ ಹಳೆ ಕಂಪನಿ, ಹೊಸ ಕಂಪನಿ ಇಬ್ಬರಿಗೂ ಒಂದೇ ಮೇಲ್ ಹಾಕಿ. ಗೋಳು ಬೇಡ, ಬೈಗುಳ ಬೇಡ. ಇಷ್ಟು ಮೊತ್ತ, ಈ ತಿಂಗಳುಗಳದ್ದು, ನಿಮ್ಮಿಬ್ಬರಲ್ಲಿ ಯಾರು ಕೊಡುತ್ತೀರಿ, ಯಾವ ದಿನಾಂಕಕ್ಕೆ, ಅಷ್ಟೇ. "ಪ್ರೊಸೆಸ್ ಆಗುತ್ತಿದೆ, ಕೊಡುತ್ತೇವೆ" ಅಂತ ಉತ್ತರ ಬಂದರೆ ಅದನ್ನು ಜೋಪಾನ ಮಾಡಿ. ದುಡ್ಡಿನ ಬಾಕಿಗೆ ದಾವೆ ಹಾಕಲು ಸಾಮಾನ್ಯವಾಗಿ ಮೂರು ವರ್ಷದ ಗಡುವು, ಗಡುವಿನ ಒಳಗೆ ಅವರು ಬಾಕಿ ಇದೆ ಅಂತ ಲಿಖಿತವಾಗಿ ಒಪ್ಪಿದರೆ ಆ ದಿನದಿಂದ ಮತ್ತೆ ಮೂರು ವರ್ಷ ಶುರುವಾಗುತ್ತದೆ.

ಉತ್ತರ ಬರದಿದ್ದರೆ ವಕೀಲರಿಂದ ಒಂದು ನೋಟಿಸ್. 38,400ಕ್ಕೆ ಬೆಂಗಳೂರಿನ ಕೋರ್ಟ್‌ಗೆ ಅಲೆಯುವುದು ಲಾಭದ ಬಾಬ್ತಲ್ಲ, ಆದರೆ ಈಗಷ್ಟೇ ಕಂಪನಿ ಕೊಂಡವರಿಗೆ ನೋಟಿಸ್ ಅಂದರೆ ಕಿರಿಕಿರಿ, ಇಷ್ಟು ಸಣ್ಣ ಮೊತ್ತವನ್ನು ಕೊಟ್ಟು ಮುಗಿಸುವುದೇ ಅವರಿಗೂ ಅಗ್ಗ. ಕಂಪನಿ ಅಮೆರಿಕದ್ದಾಗಿದ್ದರೆ ಮಾತ್ರ ನೋಟಿಸ್‌ಗೆ ಖರ್ಚು ಮಾಡಬೇಡಿ, ಮೇಲ್ ಹಾಕುತ್ತಾ ಇರಿ.

ಮುಂದಿನ ಕೆಲಸಕ್ಕೆ ಉದ್ಯಮ್ ನೋಂದಣಿ (ಸಣ್ಣ ಉದ್ಯಮಗಳಿಗೆ ಕೇಂದ್ರ ಸರ್ಕಾರದ ನೋಂದಣಿ) ಮಾಡಿಸಿಟ್ಟುಕೊಳ್ಳಿ, ದುಡ್ಡು ಬೇಡ, ಆಧಾರ್ ಮತ್ತು ಪ್ಯಾನ್ ಸಾಕು. ಸಣ್ಣ ಉದ್ಯಮಗಳ ಬಾಕಿಯನ್ನು 45 ದಿನ ಮೀರಿ ಇಟ್ಟುಕೊಂಡರೆ ಆರ್‌ಬಿಐ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಕೇಳುವ ದಾರಿ ಕಾನೂನಿನಲ್ಲಿದೆ. ನೋಂದಣಿ ಕೆಲಸಕ್ಕಿಂತ ಮೊದಲೇ ಆಗಿದ್ದರೆ ವಾದ ಕಮ್ಮಿ.

ಎಂಸಿಎಯಲ್ಲಿ ನಿಮ್ಮ ಕಂಪನಿಯ ಸ್ಥಿತಿ ನೋಡಿ ನನಗೊಂದು ಸಾಲು ಬರೆಯಿರಿ. ನೋಟಿಸ್ ಯಾರ ಹೆಸರಿಗೆ ಹೋಗಬೇಕು ಅಂತ ಆಮೇಲೆ ನೋಡೋಣ.