ಕರ್ಣ–ದುರ್ಯೋಧನರ ಗೆಳೆತನ: ಕವಿಗಳು ಇಟ್ಟ ಅನುಮಾನ, ಅಭಿಮಾನಿಗಳು ಅಳಿಸಿದ್ದು

ಆಗಸ್ಟ್ ಮೊದಲ ಭಾನುವಾರದ ಗೆಳೆಯರ ದಿನ ಬಂತೆಂದರೆ ವಾಟ್ಸ್ಆಪ್ ಸ್ಟೇಟಸ್‌ಗಳಲ್ಲಿ ಕರ್ಣ–ದುರ್ಯೋಧನರು ತೋಳಿಗೆ ತೋಳು ಹಾಕಿ ನಿಲ್ಲುತ್ತಾರೆ. 'ಕೃಷ್ಣ ಬಂದು ಕರೆದರೂ ಗೆಳೆಯನನ್ನು ಬಿಡಲಿಲ್ಲ' ಎಂಬ ಸಾಲು ಕೆಳಗೆ. ಅದಕ್ಕೆ ಉತ್ತರವಾಗಿ ಇನ್ನೊಂದು ಗುಂಪು ಬರುತ್ತದೆ: ದ್ರೌಪದಿಯ ಬಗ್ಗೆ ಅಂಥ ಮಾತಾಡಿದವನು ಯಾವ ಸೀಮೆಯ ನಾಯಕ? ಅದು ಗೆಳೆತನವಲ್ಲ, ಬರೀ ವ್ಯವಹಾರ. ಜಗಳ ಅಲ್ಲೇ ನಿಲ್ಲುತ್ತದೆ, ಮುಂದಿನ ವರ್ಷ ಮತ್ತೆ ಶುರುವಾಗುತ್ತದೆ. ಎರಡೂ ಕಡೆಯವರು ಕೈಬಿಟ್ಟ ಭಾಗಗಳೇ ಈ ಕಥೆಯಲ್ಲಿ ಹೆಚ್ಚು ರುಚಿಯವು. ಅವನ್ನು ಕೈಬಿಟ್ಟದ್ದು ನಮ್ಮ ಹಳೆಯ ಕವಿಗಳಲ್ಲ ಎಂಬುದು ನೆನಪಿರಲಿ.

ಮೊದಲು ವ್ಯಾಸಭಾರತ. ಅಸ್ತ್ರವಿದ್ಯೆಯ ಪ್ರದರ್ಶನದ ರಂಗದಲ್ಲಿ ಕೃಪ ಕರ್ಣನ ಕುಲ ಕೇಳುತ್ತಾನೆ, ದುರ್ಯೋಧನ ಅಲ್ಲೇ ಕರ್ಣನಿಗೆ ಅಂಗರಾಜ್ಯದ ಪಟ್ಟ ಕಟ್ಟುತ್ತಾನೆ. ಪ್ರತಿಯಾಗಿ ಏನು ಕೊಡಲಿ ಎಂದು ಕರ್ಣ ಕೇಳಿದರೆ, ಎಂದೂ ಕೆಡದ ಸ್ನೇಹವೊಂದು ಸಾಕು ಎನ್ನುತ್ತಾನೆ ದುರ್ಯೋಧನ. ಇಷ್ಟು ಎಲ್ಲರಿಗೂ ಗೊತ್ತು. ಕರ್ಣ ಸಿಕ್ಕ ಮೇಲೆ ದುರ್ಯೋಧನನಿಗೆ ಅರ್ಜುನನ ಭಯ ಹೋಯಿತು ಎಂದು ಅದೇ ಆದಿಪರ್ವ ಹೇಳುವುದನ್ನು ಸ್ಟೇಟಸ್ ಹಾಕುವವರು ಹೇಳುವುದಿಲ್ಲ. ಔದಾರ್ಯವೂ ಲೆಕ್ಕಾಚಾರವೂ ಒಂದೇ ಗಳಿಗೆಯಲ್ಲಿ ಹುಟ್ಟಿವೆ. ಒಂದು ನಿಜವಾದರೆ ಇನ್ನೊಂದು ಸುಳ್ಳಾಗಬೇಕೆಂಬ ಹಟ ನಮ್ಮದು, ವ್ಯಾಸರದ್ದಲ್ಲ.

ದ್ಯೂತಸಭೆಯಲ್ಲಿ ದ್ರೌಪದಿಯ ಪರ ನಿಂತವನು ಕೌರವರಲ್ಲೇ ಒಬ್ಬನಾದ ವಿಕರ್ಣ. ಅವನ ಬಾಯಿ ಮುಚ್ಚಿಸಿ ವಸ್ತ್ರ ಸೆಳೆಯಲು ಹೇಳಿದವನು ಕರ್ಣ. ಕಾಡಿನಲ್ಲಿದ್ದ ಪಾಂಡವರನ್ನು ಹಂಗಿಸಲೆಂದೇ, ಗೋವುಗಳನ್ನು ನೋಡುವ ನೆಪದ ಘೋಷಯಾತ್ರೆ ಹೊರಡಿಸಿದವನೂ ಅವನೇ. ಅಲ್ಲಿ ಗಂಧರ್ವರ ಎದುರು ಸೋತು ಅವನು ಓಡಿದ, ಗೆಳೆಯ ಸೆರೆ ಸಿಕ್ಕ, ಬಿಡಿಸಿದ್ದು ಪಾಂಡವರು. ಇಷ್ಟೆಲ್ಲ ಆದ ಮೇಲೆ ಉದ್ಯೋಗಪರ್ವದಲ್ಲಿ ಕೃಷ್ಣನೊಬ್ಬನ ಎದುರು ಕರ್ಣ ಬಾಯಿಬಿಡುತ್ತಾನೆ: ದುರ್ಯೋಧನನನ್ನು ಮೆಚ್ಚಿಸಲೆಂದು ಪಾಂಡವರಿಗೆ ಆಡಿದ ಕಟುಮಾತುಗಳಿಗಾಗಿ ಈಗ ಬೇಯುತ್ತಿದ್ದೇನೆ. ತಪ್ಪು ಮಾಡಿದ್ದು ಗೆಳೆತನಕ್ಕಾಗಿ ಎಂದು ಅವನೇ ಒಪ್ಪಿಕೊಂಡಿದ್ದಾನೆ. ಅಭಿಮಾನಿಗಳು ಗೆಳೆತನವನ್ನು ಅವನ ಪರವಾದ ಸಾಕ್ಷಿಯಾಗಿ ತರುತ್ತಾರೆ, ಅವನೋ ಅದನ್ನೇ ತನ್ನ ತಪ್ಪಿನ ಕಾರಣವಾಗಿ ಹೇಳುತ್ತಿದ್ದಾನೆ.

ಕನ್ನಡಕ್ಕೆ ಬಂದರೆ ಕಥೆ ಇನ್ನೂ ಗಟ್ಟಿಯಾಗುತ್ತದೆ. ಪಂಪ 941ರಲ್ಲಿ ಬರೆದ ಕಾವ್ಯದ ನಾಯಕ ಅರ್ಜುನ. ಕವಿಯ ಒಡೆಯ, ವೇಮುಲವಾಡದ ಚಾಲುಕ್ಯ ಅರಿಕೇಸರಿಯನ್ನೇ ಅರ್ಜುನನೊಂದಿಗೆ ಸಮೀಕರಿಸಿದ ಕಾವ್ಯ ಅದು. ಹಾಗಿದ್ದೂ 'ನೆನೆಯದಿರಣ್ಣ ಭಾರತದೊಳಿಂ ಪೆರರಾರುಮನ್' ಎಂದು ಕರ್ಣನೊಬ್ಬನನ್ನೇ ನೆನೆಯಲು ಹೇಳಿ, ಭಾರತವನ್ನು 'ಕರ್ಣರಸಾಯನ' ಎಂದವನು ಅವನೇ. ಒಡೆಯನ ಎದುರಾಳಿಯನ್ನು ಒಡೆಯನ ಸಭೆಯಲ್ಲೇ ಹೊಗಳುವ ಧೈರ್ಯ ಸಣ್ಣದಲ್ಲ.

ಇಂದು ಗೆಳೆತನಕ್ಕೆ ಕೊಡುವ ಅತಿ ದೊಡ್ಡ ಪುರಾವೆಯೂ ಪಂಪನಲ್ಲಿದೆ. ದುರ್ಯೋಧನನ ರಾಣಿ ಭಾನುಮತಿಯೊಡನೆ ಪಗಡೆ, ಸೋತ ಪಣಕ್ಕಾಗಿ ಕಾಡಾಟ, ಕೊರಳ ಹಾರ ಹರಿದು ಚೆಲ್ಲಿದ ಮುತ್ತು. ಸಂಶಯವೇ ಇಲ್ಲದ ದುರ್ಯೋಧನ, ಇವನ್ನು ಆಯ್ದುಕೊಡಲೇ ಎಂದು ಕೇಳುತ್ತಾನೆ. ವ್ಯಾಸರಲ್ಲಿ ಈ ಪ್ರಸಂಗವೇ ಇಲ್ಲ. ಪಂಪನ ಪದ್ಯದಲ್ಲೂ ರಾಣಿಯ ಜೊತೆ ಆಡುತ್ತಿದ್ದವನು ಕರ್ಣನೋ ದುರ್ಯೋಧನನೋ ಎಂದು ವಿದ್ವಾಂಸರು ಬಹುಕಾಲದಿಂದ ಜಗ್ಗಾಡಿದ್ದಾರೆ. ಅದು ಹಾಗಿರಲಿ, ಪದ್ಯ ಯಾವ ಜಾಗದಲ್ಲಿ ಬರುತ್ತದೆ ನೋಡಿ. ಕೃಷ್ಣ ಜನ್ಮರಹಸ್ಯ ಹೇಳುವಾಗ ಒಂದು ವಿಷದ ಹನಿಯನ್ನೂ ಸೇರಿಸಿದ್ದಾನೆ. ಸತ್ಯಂತಪನೆಂಬ ಮುನಿಯಿಂದ ದುರ್ಯೋಧನನಿಗೆ ಈ ಗುಟ್ಟು ಎಂದೋ ಗೊತ್ತಾಗಿತ್ತು, ಮುಳ್ಳಿನಿಂದ ಮುಳ್ಳು ತೆಗೆಯುವ ಎಣಿಕೆಯಿಂದಲೇ ನಿನ್ನನ್ನು ಸಾಕಿದ ಎಂದು. ಅಂಥ ಮಾತು ಕೇಳಿದ ಮೇಲೂ ಕರ್ಣ ಮುತ್ತಿನ ಪ್ರಸಂಗ ನೆನೆದು, ಅಂಥವನನ್ನು ಬಿಟ್ಟು ನಿಮ್ಮಲ್ಲಿ ಸೇರಿದರೆ ನಾನು ಬೇಡನಾಗುವುದಿಲ್ಲವೇ ಎನ್ನುತ್ತಾನೆ. ಗೆಳೆಯ ನನ್ನನ್ನು ಬಳಸಿಕೊಂಡನೇ ಎಂಬ ಪ್ರಶ್ನೆ ಕಿವಿಯಲ್ಲಿರುವಾಗಲೇ ಆಡಿದ ಮಾತು ಇದು. ಮುಳ್ಳನ್ನು ಕಿತ್ತೆಸೆದು ಮುತ್ತನ್ನಷ್ಟೇ ಹಂಚಿಕೊಂಡರೆ ಪದ್ಯದ ಅರ್ಧ ಬಲ ಹೋಯಿತು.

ಅದೇ ಶತಮಾನದ ಕೊನೆಯ ಹೊತ್ತಿಗೆ ರನ್ನ ಬಂದ. ಅವನ 'ಗದಾಯುದ್ಧ'ದ ನಾಯಕ ಭೀಮ, ಅಂದರೆ ಒಡೆಯ ಸತ್ಯಾಶ್ರಯ. ಆದರೆ ಓದುಗರ ಕರುಳು ಹಿಂಡುವವನು ಹೆಣಗಳ ನಡುವೆ ನಡೆದುಬರುವ ದುರ್ಯೋಧನ. ಅಭಿಮನ್ಯುವಿನ ಶವದ ಎದುರು ನಿಂತು ನಿನ್ನಂಥ ಸಾವು ನನಗೂ ಬರಲಿ ಎಂದು ಬೇಡುತ್ತಾನೆ. ಆ ಹುಡುಗನ ಬಿಲ್ಲು ಮುರಿದವನು ಕರ್ಣನೇ ಎಂಬುದನ್ನು ನೆನೆದರೆ ಆ ಪ್ರಾರ್ಥನೆ ಇನ್ನಷ್ಟು ಚುಚ್ಚುತ್ತದೆ. ಮುಂದೆ ಕರ್ಣನ ದೇಹದ ಬಳಿ: 'ಆನರಿವೆಂ ಪೃಥೆಯರಿವಳ್…' ನಾನು ಬಲ್ಲೆ, ಕುಂತಿ ಬಲ್ಲಳು, ಕೃಷ್ಣ, ಸೂರ್ಯ, ಸಹದೇವ ಬಲ್ಲರು; ನೀನು ಯಾರೆಂದು ಬೇರಾರೂ ಅರಿಯರು, ಅಂಗಾಧಿಪತಿ. ಪಂಪನಲ್ಲಿ ಕೃಷ್ಣನ ಆರೋಪವಾಗಿದ್ದದ್ದು ಇಲ್ಲಿ ದುರ್ಯೋಧನನದೇ ತಪ್ಪೊಪ್ಪಿಗೆ. ಗೆಳೆಯ ತನ್ನ ಅಣ್ಣತಮ್ಮಂದಿರ ಮೇಲೆಯೇ ಬಾಣ ಬಿಡುತ್ತಿದ್ದಾನೆಂದು ಗೊತ್ತಿದ್ದೂ ಸುಮ್ಮನಿದ್ದ. ಆದರೂ ಅವನ ಅಳು ಸುಳ್ಳಲ್ಲ.

ಕುಮಾರವ್ಯಾಸನ ಭಾಗ ನಮ್ಮಲ್ಲಿ ಅನೇಕರಿಗೆ ಎಸ್ಸೆಸ್ಸೆಲ್ಸಿ ಪಠ್ಯದಿಂದಲೇ ಬಾಯಿಪಾಠ. ಹುಟ್ಟಿನ ಗುಟ್ಟು ಕೇಳಿ ಕರ್ಣನ ಕೊರಳ ಸೆರೆ ಉಬ್ಬುತ್ತದೆ, ಕಣ್ಣೀರು ಉಕ್ಕುತ್ತದೆ. ಮನಸ್ಸಿಗೆ ಮೊದಲು ಬರುವುದು 'ಅಕಟಾ ಕುರುಪತಿಗೆ ಕೇಡಾದುದು' ಎಂಬ ಮಾತು. ತಾಯಿ ಸಿಕ್ಕಳೆಂಬ ಸಂತೋಷವಲ್ಲ. 'ಕೌರವೇಂದ್ರನ ಕೊಂದೆ ನೀನು' ಎಂದು ಕೃಷ್ಣನನ್ನು ಬೈಯುತ್ತಾನೆ. ಆದರೆ ಅದೇ ಉಸಿರಿನಲ್ಲಿ 'ನಿನ್ನಯ ವೀರರೈವರ ನೋಯಿಸೆನು' ಎಂದು ಆಣೆಯಿಡುತ್ತಾನೆ. ಒಡೆಯನಿಗಾಗಿ ಸಾಯುತ್ತೇನೆ, ಒಡೆಯನ ವೈರಿಗಳನ್ನು ಮುಟ್ಟುವುದಿಲ್ಲ! ಪರೀಕ್ಷೆಗೆ 'ಕರ್ಣನ ಸ್ವಾಮಿನಿಷ್ಠೆಯನ್ನು ವಿವರಿಸಿ' ಎಂದು ಬರೆದವರಾರೂ ಈ ಸಾಲಿನ ಮೇಲೆ ಹೆಚ್ಚು ಹೊತ್ತು ನಿಂತಂತಿಲ್ಲ.

ವ್ಯಾಸರಲ್ಲೂ ಹೀಗೆಯೇ: ಅರ್ಜುನನ ಹೊರತು ಉಳಿದ ನಾಲ್ವರನ್ನು ಕೊಲ್ಲೆನೆಂದು ಕುಂತಿಗೆ ಮಾತು ಕೊಟ್ಟವನು, ಯುದ್ಧದಲ್ಲಿ ನಾಲ್ವರೂ ಕೈಗೆ ಸಿಕ್ಕಾಗ ಬಿಟ್ಟುಬಿಡುತ್ತಾನೆ. ಧರ್ಮರಾಯನನ್ನು ಜೀವಂತ ಹಿಡಿಸಿ ಮತ್ತೊಮ್ಮೆ ಜೂಜಿಗೆ ಕೂರಿಸಬೇಕೆಂಬುದು ದುರ್ಯೋಧನ ಹೂಡಿದ್ದ ಹಂಚಿಕೆ. ಆ ಧರ್ಮರಾಯನನ್ನೂ ಕರ್ಣ ಬಿಟ್ಟ. ಇದು ದ್ರೋಹವೇ? ನನ್ನ ಮಟ್ಟಿಗೆ ಕರ್ಣನ ಬದುಕಿನ ಅತಿ ಕಷ್ಟದ ಪ್ರಶ್ನೆ ಇದು. ಅಭಿಮಾನಿಗಳೂ ವಿರೋಧಿಗಳೂ ಇದನ್ನು ಕೇಳಿಕೊಳ್ಳದೆ ಜಗಳವಾಡುತ್ತಾರೆ.

ಹಾಗಾದರೆ ಈ ಸಪಾಟು ಚಿತ್ರ ಎಲ್ಲಿಂದ ಬಂತು? ಸ್ವಲ್ಪ ಹೊಣೆ ಪಂಪನ ಮೇಲೂ ಹೊರಿಸಬಹುದು. 'ಚಲದೊಳ್ ದುರ್ಯೋಧನಂ, ನನ್ನಿಯೊಳ್ ಇನತನಯಂ' (ಛಲದಲ್ಲಿ ದುರ್ಯೋಧನ, ಸತ್ಯದಲ್ಲಿ ಸೂರ್ಯಪುತ್ರ ಕರ್ಣ) ಎಂದು ಒಬ್ಬೊಬ್ಬರಿಗೆ ಒಂದೊಂದು ಗುಣ ಹಂಚಿದ ಅವನ ಪದ್ಯವನ್ನೇ ನಾವು ಕಾವ್ಯದ ಬದಲು ನೆನಪಿಟ್ಟುಕೊಂಡೆವು. 20ನೇ ಶತಮಾನದಲ್ಲಿ ಕುಲದ ಹೆಸರಲ್ಲಿ ಅವಮಾನ ಉಂಡವನಾಗಿ ಕರ್ಣ ಹೊಸದಾಗಿ ಎದ್ದುಬಂದ. ಆ ಓದು ಬೇಕಾಗಿತ್ತು, ನ್ಯಾಯವಾದದ್ದು. ಅದನ್ನು ಸಿನಿಮಾ ಎತ್ತಿಕೊಂಡಿತು. 1964ರಲ್ಲಿ ಶಿವಾಜಿ ಗಣೇಶನ್‌ರನ್ನು ಕರ್ಣನಾಗಿಸಿ ತಮಿಳಿನಲ್ಲಿ ಚಿತ್ರ ಮಾಡಿದ ಬಿ.ಆರ್. ಪಂತುಲು ನಮ್ಮ ಕೋಲಾರದ ಕಡೆಯವರು. 1977ರಲ್ಲಿ ಎನ್.ಟಿ. ರಾಮರಾವ್ ತೆಲುಗಿನ ಒಂದೇ ಚಿತ್ರದಲ್ಲಿ ಕೃಷ್ಣ, ಕರ್ಣ, ದುರ್ಯೋಧನ ಮೂವರೂ ಆದರು. 2019ರ ಕನ್ನಡದ 'ಕುರುಕ್ಷೇತ್ರ'ದಲ್ಲಿ ದರ್ಶನ್ ದುರ್ಯೋಧನ, ಅರ್ಜುನ್ ಸರ್ಜಾ ಕರ್ಣ. ತಾರೆ ಹೊಕ್ಕ ಪಾತ್ರಕ್ಕೆ ಶಿಳ್ಳೆ ಬೀಳಲೇಬೇಕು. ನಟನ ಮೇಲಿನ ಪ್ರೀತಿ ಪಾತ್ರದ ತೀರ್ಪಾಗಿ ಬದಲಾಗಲು ಮಧ್ಯಂತರದವರೆಗೂ ಕಾಯಬೇಕಿಲ್ಲ.

2020ರ ಲಾಕ್‌ಡೌನ್‌ನಲ್ಲಿ ಕನ್ನಡಕ್ಕೆ ಡಬ್ ಆಗಿ ಬಂದ 'ಮಹಾಭಾರತ' ಧಾರಾವಾಹಿ ಹೊಸ ತಲೆಮಾರಿಗೆ ಇದೇ ಜೋಡಿಯನ್ನು ದಾಟಿಸಿತು. ಪ್ರತಿಕ್ರಿಯೆಯೂ ಬೆಳೆಯಿತು. ಪುಣೆಯ ಭಂಡಾರ್ಕರ್ ಸಂಸ್ಥೆ 1919ರಲ್ಲಿ ಕೈಗೆತ್ತಿಕೊಂಡು 1966ರಲ್ಲಿ ಮುಗಿಸಿದ ಪರಿಷ್ಕೃತ ಪಾಠವನ್ನು ಹಿಡಿದು, ಸ್ವಯಂವರದಲ್ಲಿ ದ್ರೌಪದಿ ಸೂತನನ್ನು ವರಿಸೆನೆಂದ ಮಾತು ಮೂಲದ್ದಲ್ಲ, ಕರ್ಣ ಅಲ್ಲಲ್ಲಿ ಸೋತಿದ್ದಾನೆ ಎಂದು ಪಟ್ಟಿ ಮಾಡುವವರು ಬಂದರು. ಮಾಹಿತಿ ಸರಿಯೇ. ಆದರೆ ಸೋಲುಗಳ ಪಟ್ಟಿಯಿಂದ ಒಬ್ಬನ ನೈತಿಕತೆ ಅಳೆಯುವುದು, ದಾನಗಳ ಪಟ್ಟಿಯಿಂದ ಅಳೆದಷ್ಟೇ ಒರಟು. ಪಾಂಡವರನ್ನು ಒಳಸಂಚಿನಿಂದ ಒಡೆಯೋಣವೆಂದ ದುರ್ಯೋಧನನಿಗೆ, ಅದು ನಡೆಯದು, ನೇರ ಯುದ್ಧ ಮಾಡೋಣ ಎಂದವನೂ ಕರ್ಣನೇ. ಆ ಪಟ್ಟಿಯಲ್ಲಿ ಇದು ಇರುವುದಿಲ್ಲ.

ಈ ಜಗಳಕ್ಕೆ ಸರಿಯಾದ ಜಾಗ ಕರಾವಳಿಯ ತಾಳಮದ್ದಳೆಯಲ್ಲಿ ಇನ್ನೂ ಉಳಿದಿದೆ. ವೇಷವಿಲ್ಲ, ಕುಣಿತವಿಲ್ಲ, ಭಾಗವತರ ಪದ, ಎದುರುಬದುರು ಕುಳಿತು ಆ ಪದವನ್ನು ಪಾತ್ರವಾಗಿ ಮಾತಿನಲ್ಲಿ ಬೆಳೆಸುವ ಅರ್ಥಧಾರಿಗಳು. 'ಕರ್ಣಭೇದನ'ದಲ್ಲಿ ಕೃಷ್ಣ ಕೆದಕುತ್ತಾನೆ: ನಿನ್ನ ಒಡೆಯನಿಗೆ ಒಮ್ಮೆಯಾದರೂ ಬೇಡವೆಂದೆಯಾ? ಕರ್ಣ ತಿರುಗಿ ಕೇಳುತ್ತಾನೆ: ರಂಗದಲ್ಲಿ ಕುಲ ಕೇಳಿದ ದಿನ ನೀವೆಲ್ಲ ಎಲ್ಲಿದ್ದಿರಿ? ಇಂದು ಕೃಷ್ಣನ ಅರ್ಥ ಹೇಳಿದವರು ನಾಳೆ ಇನ್ನೊಂದು ಕೂಟದಲ್ಲಿ ಕರ್ಣನಾಗಿ ಕುಳಿತು, ತಾವೇ ಹೂಡಿದ ವಾದವನ್ನು ಒಡೆಯಬೇಕಾಗುತ್ತದೆ.