ಎಸ್‌ಡಿಎಂಸಿ ಮತ್ತು ಶಾಲಾ ಅಭಿವೃದ್ಧಿ ಯೋಜನೆ: ಡಿ.ಎಡ್, ಬಿ.ಎಡ್ ಗೆಳೆಯರಿಗೆ ಟಿಪ್ಪಣಿ

ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಪಾಠ ಬಂದರೆ ನಾವೆಲ್ಲ ಸದಸ್ಯರ ಪ್ರಮಾಣ, ಮೀಸಲಾತಿ ಇಷ್ಟನ್ನು ಬಾಯಿಪಾಠ ಮಾಡಿ ಮುಂದೆ ಹೋಗುತ್ತೇವೆ. ಪರೀಕ್ಷೆಗೆ ಅದು ಬೇಕು, ನಿಜ. ಆದರೆ ಈ ಸಮಿತಿಯ ನಿಜವಾದ ಬಲ ಇರುವುದು ಶಿಕ್ಷಣ ಹಕ್ಕು ಕಾಯ್ದೆಯ ಸೆಕ್ಷನ್ 22ರಲ್ಲಿ. ಹಾಗಾಗಿ ಇಲ್ಲಿ ಜಾಸ್ತಿ ಜಾಗ ಅದಕ್ಕೇ ಕೊಟ್ಟಿದ್ದೇನೆ.

ಮೊದಲು ಸ್ವಲ್ಪ ಹಿನ್ನೆಲೆ. ರಾಜಾ ರಾಮಣ್ಣ ಅಧ್ಯಕ್ಷತೆಯ ಶಿಕ್ಷಣ ಕಾರ್ಯಪಡೆಯ ಸಲಹೆಯಂತೆ 2001ರ ಏಪ್ರಿಲ್‌ನಲ್ಲಿ ರಾಜ್ಯ ಸರ್ಕಾರ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳನ್ನು ತಂದಿತು. ಅಲ್ಲಿಯವರೆಗೆ ಇದ್ದದ್ದು ಗ್ರಾಮ ಶಿಕ್ಷಣ ಸಮಿತಿ. ಊರಿಗೊಂದು ಸಮಿತಿ ಹೋಗಿ ಶಾಲೆಗೊಂದು ಸಮಿತಿ ಬಂತು. ಆ ಶಾಲೆಯಲ್ಲೇ ಓದುವ ಮಕ್ಕಳ ಅಪ್ಪ ಅಮ್ಮ ಅದರಲ್ಲಿ ಕೂತರು. ದೇಶಕ್ಕೆಲ್ಲ ಇಂಥ ಸಮಿತಿ ಕಡ್ಡಾಯವಾದದ್ದು 2010ರ ಏಪ್ರಿಲ್ 1ರಂದು ಶಿಕ್ಷಣ ಹಕ್ಕು ಕಾಯ್ದೆ ಜಾರಿಗೆ ಬಂದ ಮೇಲೆ. ನಮ್ಮಲ್ಲಿ ಅದು ಆಗಲೇ ಇತ್ತು ಅನ್ನುವುದು ಹೆಮ್ಮೆಯ ವಿಷಯವೇ.

ಸೆಕ್ಷನ್ 21ರ ಪ್ರಕಾರ ಕನಿಷ್ಠ ಮುಕ್ಕಾಲು ಪಾಲು ಸದಸ್ಯರು ಪೋಷಕರಾಗಿರಬೇಕು, ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಮಹಿಳೆಯರಿರಬೇಕು. ಹಿಂದುಳಿದ, ಬಡ ಕುಟುಂಬಗಳ ಪೋಷಕರಿಗೆ ಅವರ ಮಕ್ಕಳ ಪ್ರಮಾಣಕ್ಕೆ ತಕ್ಕ ಸ್ಥಾನ ಸಿಗಬೇಕು. ಇಲ್ಲಿ ಎರಡು ಕಡೆ ಎಡವುತ್ತೇವೆ. ಒಂದು, ಅನುದಾನ ಇಲ್ಲದ ಖಾಸಗಿ ಶಾಲೆಗಳಿಗೆ ಈ ಸೆಕ್ಷನ್ ಅನ್ವಯಿಸುವುದಿಲ್ಲ. ಇನ್ನೊಂದು, 2012ರ ತಿದ್ದುಪಡಿಯ ನಂತರ ಅಲ್ಪಸಂಖ್ಯಾತ ಶಾಲೆಗಳಲ್ಲೂ ಉಳಿದ ಅನುದಾನಿತ ಶಾಲೆಗಳಲ್ಲೂ ಸಮಿತಿಗೆ ಸಲಹೆ ಕೊಡುವ ಕೆಲಸ ಮಾತ್ರ ಇದೆ.

ಈಗ ಸೆಕ್ಷನ್ 22ಕ್ಕೆ ಬರೋಣ. ಸಮಿತಿ ಶಾಲಾ ಅಭಿವೃದ್ಧಿ ಯೋಜನೆ ತಯಾರಿಸಬೇಕು. ಸರ್ಕಾರ ಅಥವಾ ಸ್ಥಳೀಯ ಪ್ರಾಧಿಕಾರ ಮಾಡುವ ಯೋಜನೆಗೂ ಕೊಡುವ ಅನುದಾನಕ್ಕೂ ಇದೇ ಆಧಾರವಾಗಬೇಕು. ಈ ಎರಡನೇ ಮಾತನ್ನು ಇನ್ನೊಮ್ಮೆ ಓದಿ. ಕೂಲಿಗೆ ಹೋಗುವ ಒಬ್ಬ ತಾಯಿ ಸಹಿ ಹಾಕಿದ ಕಾಗದ ಸರ್ಕಾರದ ಲೆಕ್ಕಕ್ಕೆ ಆಧಾರವಾಗಬೇಕು ಎಂದು ಕಾನೂನೇ ಹೇಳುತ್ತದೆ. ಆದರೆ ಅದೇ ಯೋಜನೆಯನ್ನು ಕಚೇರಿಗೆ ಕಳಿಸಲು ತುಂಬುವ ಒಂದು ನಮೂನೆ ಎಂದು ನೋಡಿದರೆ ಈ ಹಕ್ಕು ಕಾಗದದಲ್ಲೇ ಉಳಿಯುತ್ತದೆ.

ಕೇಂದ್ರದ ಮಾದರಿ ನಿಯಮಗಳ ಪ್ರಕಾರ ಇದು 3 ವರ್ಷದ ಯೋಜನೆ, ಒಳಗೆ ವರ್ಷಕ್ಕೊಂದು ಉಪಯೋಜನೆ. ತರಗತಿವಾರು ಎಷ್ಟು ಮಕ್ಕಳು ಬರಬಹುದು, ಎಷ್ಟು ಶಿಕ್ಷಕರು ಬೇಕು, ಯಾವ ಕೋಣೆ, ಯಾವ ಸಲಕರಣೆ, ಎಷ್ಟು ಹಣ ಎಂಬುದೆಲ್ಲ ಅದರಲ್ಲಿರಬೇಕು. ಇದರಲ್ಲಿ ಮೊದಲನೆಯದೇ ಬುನಾದಿ. 1ರಿಂದ 5ನೇ ತರಗತಿವರೆಗಿನ ಶಾಲೆಯಲ್ಲಿ 60 ಮಕ್ಕಳವರೆಗೆ 2 ಶಿಕ್ಷಕರು, 61ರಿಂದ 90ರವರೆಗೆ 3 ಎಂದು ಕಾಯ್ದೆಯ ಅನುಸೂಚಿ ಹೇಳುತ್ತದೆ. ಒಂದು ಶಾಲೆಯಲ್ಲಿ ಈಗ 57 ಮಕ್ಕಳಿದ್ದಾರೆ ಅಂದುಕೊಳ್ಳಿ. ಇನ್ನು ನಾಲ್ಕು ಮಕ್ಕಳು ಸೇರಿದರೆ ಮೂರನೇ ಶಿಕ್ಷಕರನ್ನು ಕೇಳುವ ಹಕ್ಕು ಬರುತ್ತದೆ. ಅಂಗನವಾಡಿಯಿಂದ ಮುಂದಿನ ವರ್ಷ ಯಾರೆಲ್ಲ ಬರುತ್ತಾರೆ, ಯಾವ ಮನೆಯವರು ಖಾಸಗಿ ಶಾಲೆಯ ವ್ಯಾನ್ ಹತ್ತಿಸುವ ಯೋಚನೆಯಲ್ಲಿದ್ದಾರೆ, ಯಾವ ಕುಟುಂಬ ಗುಳೆ ಹೋಗುತ್ತದೆ? ಇದು ಕಚೇರಿಗಿಂತ ಮೊದಲು ಗೊತ್ತಾಗುವುದು ಪೋಷಕರಿಗೆ. ಸಮಿತಿ ಬೇಕಾಗಿರುವುದೇ ಇದಕ್ಕೆ, ಅಲ್ವಾ?

ಕಾಲ ಬದಲಾದ ಹಾಗೆ ಈ ಕೆಲಸ ಇನ್ನೂ ಮುಖ್ಯವಾಗಿದೆ. 2019-20ರಲ್ಲಿ ರಾಜ್ಯದ 1,000 ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ತರಗತಿ ಶುರುವಾದವು. ಪೋಷಕರಿಂದ ಬೇಡಿಕೆ ಇತ್ತು, ಅದು ಸಹಜ. ಆದರೆ ಶಾಲೆಯ ಮುಂದಿನ ಬೋರ್ಡ್ ಬದಲಾದರೆ ಸಾಕೇ? ಪಾಠ ಮಾಡುವವರು ಯಾರು, ಅವರಿಗೆ ಯಾವ ತರಬೇತಿ ಆಗಿದೆ, ಕನ್ನಡ ಓದು ಹಿಂದೆ ಬೀಳುತ್ತಿದೆಯೇ? ಈ ಪ್ರಶ್ನೆಗಳು ಸಭೆಯಲ್ಲಿ ಬರಬೇಕು, ನಡಾವಳಿ ಪುಸ್ತಕದಲ್ಲಿ ಬರೆದಿಡಬೇಕು.

ಹಣದ ದಾರಿಯೂ ಬದಲಾಗಿದೆ. ಮೊದಲು ಅನುದಾನ ಅಧ್ಯಕ್ಷರ ಮತ್ತು ಮುಖ್ಯ ಶಿಕ್ಷಕರ ಜಂಟಿ ಖಾತೆಗೆ ಬರುತ್ತಿತ್ತು. ಪಾಸ್‌ಬುಕ್ ನೋಡಿದರೆ ಲೆಕ್ಕ ಗೊತ್ತಾಗುತ್ತಿತ್ತು. 2021ರ ಜುಲೈನಿಂದ ಕೇಂದ್ರ ಪುರಸ್ಕೃತ ಯೋಜನೆಗಳಿಗೆ ರಾಜ್ಯ ಮಟ್ಟದಲ್ಲಿ ಒಂದೇ ನೋಡಲ್ ಖಾತೆ ಇರುವ ಪದ್ಧತಿ ಬಂತು. ಶಾಲೆಗಳಿಗೆ ಅನುದಾನ ಕೊಡುವ ಸಮಗ್ರ ಶಿಕ್ಷಣವೂ ಇಂಥದ್ದೇ ಯೋಜನೆ. ಹಣ ಮೇಲೆಯೇ ಇರುತ್ತದೆ, ಕೆಳಗಿನವರಿಗೆ ಸಿಗುವುದು ಖರ್ಚಿನ ಮಿತಿ. ಆನ್‌ಲೈನ್ ಲೆಕ್ಕ ನೋಡಲು ಬಾರದ ಸದಸ್ಯರು ಇದರಿಂದ ದೂರ ಉಳಿದುಬಿಡಬಹುದು. ಮಿತಿ ಎಷ್ಟು, ಖರ್ಚು ಎಷ್ಟು ಎಂದು ಮುಖ್ಯ ಶಿಕ್ಷಕರು ಪ್ರಿಂಟ್ ತೆಗೆದು ಸಭೆಯಲ್ಲಿ ಓದಿ ಹೇಳಿದರೆ ಈ ತೊಂದರೆ ಬಹಳಷ್ಟು ಕಡಿಮೆಯಾಗುತ್ತದೆ.

ಕಲಿಕೆಯ ಬಗ್ಗೆ ಕೇಳಲು ಸದಸ್ಯರು ಹಿಂಜರಿಯುತ್ತಾರೆ. "ನಾವೇನು ಓದಿದವರಾ ಮೇಷ್ಟ್ರೇ" ಎಂದು ಸುಮ್ನೆ ಕೂರುವವರೂ ಇದ್ದಾರೆ. ಅಂಥವರಿಗೆ ನಾವು ಸೆಕ್ಷನ್ 24 ತಿಳಿಸಬೇಕು. ಪೋಷಕರ ಸಭೆ ಕರೆದು ಮಗುವಿನ ಹಾಜರಾತಿ, ಕಲಿಕೆ, ಪ್ರಗತಿ ತಿಳಿಸುವುದು ಶಿಕ್ಷಕರ ಕರ್ತವ್ಯ ಎಂದು ಅಲ್ಲಿ ಸ್ಪಷ್ಟವಾಗಿದೆ. ಮೂರನೇ ತರಗತಿಯಲ್ಲಿ ಎಷ್ಟು ಮಕ್ಕಳು ಸರಾಗವಾಗಿ ಓದುತ್ತಾರೆ ಎಂದು ಕೇಳಲು ಯಾವ ಡಿಗ್ರಿಯೂ ಬೇಡ.

ಇಂಟರ್ನ್‌ಶಿಪ್‌ಗೆ ಹೋದಾಗ ಒಂದು ಕೆಲಸ ಮಾಡಿ. ಮುಖ್ಯ ಶಿಕ್ಷಕರ ಅನುಮತಿ ಪಡೆದು ಆ ಶಾಲೆಯ ಅಭಿವೃದ್ಧಿ ಯೋಜನೆ ತೆಗೆದು ನೋಡಿ. ಮಕ್ಕಳ ಸಂಖ್ಯೆಯ ಅಂದಾಜನ್ನು ಊರಿನ ಅಂಗನವಾಡಿಯ ಸಂಖ್ಯೆಯ ಜೊತೆ ಹೋಲಿಸಿ. ವ್ಯತ್ಯಾಸ ಕಂಡರೆ ಮುಂದಿನ ಎಸ್‌ಡಿಎಂಸಿ ಸಭೆಯ ವಿಷಯಪಟ್ಟಿಗೆ ಅದನ್ನು ಸೇರಿಸಲು ಕೇಳಿ.